ದುಬೈ ಮೂರೂವರೆ ತಾಸು, ನಮ್ಮೂರು ಇಪ್ಪತ್ತೈದು ತಾಸು

ದೊಡ್ಡಪ್ಪ ತೀರಿಕೊಂಡದ್ದು ಹೋದ ವರ್ಷ ಮೇ ತಿಂಗಳಲ್ಲಿ, ಬೆಳಗಿನ 5 ಗಂಟೆ 10 ನಿಮಿಷಕ್ಕೆ. ಇಷ್ಟು ಸರಿಯಾಗಿ ಹೇಳಲು ಕಾರಣ ಇದೆ. ಆ ಹೊತ್ತಿನಿಂದ ಮರುದಿನ ಮಧ್ಯಾಹ್ನದವರೆಗಿನ ಒಂದೊಂದು ತಾಸನ್ನೂ ನಾವು ಆಮೇಲೆ ಕೂತು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೇವೆ.

ನಾವು ಮೂವರು. ಓದು ಮುಗಿದ ಮೇಲೆ ರಾಯಚೂರಿನಲ್ಲಿ ಒಂದೇ ಕೋಣೆಯಲ್ಲಿದ್ದೇವೆ. ಒಬ್ಬರದು ದೇವದುರ್ಗ ತಾಲ್ಲೂಕು, ಒಬ್ಬರದು ಮಾನ್ವಿ, ಇನ್ನೊಬ್ಬರು ರಾಯಚೂರಿನವರೇ. ದೊಡ್ಡಪ್ಪ ನಮ್ಮಲ್ಲಿ ಒಬ್ಬರಿಗೆ ಮಾತ್ರ ಸಂಬಂಧ. ಆದರೆ ಹಬ್ಬಕ್ಕೆ, ಜಾತ್ರೆಗೆ, ಸುಮ್ಮನೆ ಹೊಟ್ಟೆ ಹಸಿದಾಗ ಆ ಮನೆಯಲ್ಲಿ ಉಂಡು ಮಲಗಿದವರು ಮೂವರೂ. ಹಿಂದಿನ ದಿನ ದವಾಖಾನೆಯಿಂದ ಅವರನ್ನು ಮನೆಗೆ ಕರೆದುಕೊಂಡು ಬಂದಿದ್ದರು. ಆ ರಾತ್ರಿ ನಾವೂ ಅಲ್ಲೇ ಇದ್ದೆವು.

ಊರು ದೇವದುರ್ಗದಿಂದ 18 ಕಿಲೋಮೀಟರ್, ಕೃಷ್ಣಾ ಹೊಳೆಯ ಕಡೆಗೆ. ದೊಡ್ಡಪ್ಪನಿಗೆ ಒಬ್ಬನೇ ಮಗ. ದುಬೈಯಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸ.

ಬೆಳಗಾಗುವಷ್ಟರಲ್ಲಿ ಓಣಿ ತುಂಬಿತ್ತು. ಹಿರಿಯ ಕಾಕಾ ಒಬ್ಬರು ಕಟ್ಟೆಯ ಮೇಲೆ ಕೂತು ನಮ್ಮನ್ನು ಕರೆದರು. ಊರಲ್ಲಿ ಅವರ ಮಾತು ನಡೆಯುತ್ತದೆ.

“ತಮ್ಮಾ, ದುಬೈ ಎಷ್ಟ್ ದೂರ ಐತಿ? ಈಗ ಹೊಂಟ್ರ ಎಷ್ಟಕ್ಕ ಮುಟ್ತಾನ?”

ನಾವು ಕಲಿತವರು, ಕೈಯಲ್ಲಿ ಫೋನ್ ಇದ್ದವರು. ಅಲ್ಲೇ ನಿಂತು ಹುಡುಕಿದೆವು. ಹೈದರಾಬಾದಿನಿಂದ ದುಬೈ 2,550 ಕಿಲೋಮೀಟರ್ ಚಿಲ್ಲರೆ, ವಿಮಾನದಲ್ಲಿ ಮೂರೂವರೆಯಿಂದ ನಾಲ್ಕು ತಾಸು ಎಂದು ಬಂತು. ಅದಕ್ಕೆ ಹೈದರಾಬಾದಿನಿಂದ ಊರಿನವರೆಗೆ ಕಾರಿನಲ್ಲಿ ಐದಾರು ತಾಸು ಕೂಡಿಸಿದೆವು. ಒಂದು ತಾಸು ಹೆಚ್ಚಿಗೆ ಇರಲಿ ಎಂದು ಅದನ್ನೂ ಸೇರಿಸಿ, ಬಹಳ ಬುದ್ಧಿವಂತರ ಹಾಗೆ ಹೇಳಿದೆವು: “ಸಂಜಿ ಐದಕ್ಕ ಮನಿ ಮುಂದ ಇರ್ತಾನ, ಕಾಕಾ.”

“ಹಂಗಾದ್ರ ಸಂಜಿಗೆ ಮಣ್ಣು” ಎಂದರು ಕಾಕಾ. ಸುದ್ದಿ ನಾಲ್ಕೂ ಕಡೆ ಹೋಯಿತು. ಯಾರೋ ದೇವದುರ್ಗದಿಂದ ಫ್ರೀಜರ್ ಪೆಟ್ಟಿಗೆ ತರಿಸೋಣವೇ ಎಂದು ಕೇಳಿದರು. ಕಾಕಾ ನಮ್ಮ ಕಡೆ ಒಮ್ಮೆ ನೋಡಿ, “ಸಂಜಿತನಕ ಅಷ್ಟ ಅಲ್ಲೇನು, ಬ್ಯಾಡ ಬಿಡ್ರಿ” ಎಂದರು.

ಆ ಒಂದು ಮಾತು ನಮ್ಮ ಲೆಕ್ಕದ ಮೇಲೆ ನಿಂತಿತ್ತು.

ಮಧ್ಯಾಹ್ನ ಒಂದಕ್ಕೆ ಅಣ್ಣನ ಫೋನ್ ಬಂತು. ಪಾಸ್‌ಪೋರ್ಟ್ ಈಗ ಕೈಗೆ ಬಂದಿದೆ, ಮಧ್ಯಾಹ್ನದ ವಿಮಾನದಲ್ಲಿ ಸೀಟಿಲ್ಲ, ರಾತ್ರಿ ಹತ್ತರದ್ದು ಸಿಕ್ಕಿದೆ ಎಂದ. ಅಲ್ಲಿಯ ಹತ್ತು ಎಂದರೆ ನಮ್ಮ ಹನ್ನೊಂದೂವರೆ. ನಾವು ಐದಕ್ಕೆ ಬರುತ್ತಾನೆ ಎಂದವರು. ಐದಕ್ಕೆ ಅವನಿನ್ನೂ ಕ್ಯಾಂಪ್ ಕೂಡ ಬಿಟ್ಟಿರುವುದಿಲ್ಲ.

ಆಗ ಪೆಟ್ಟಿಗೆಗೆ ಓಡಾಟ ಶುರುವಾಯಿತು. ತಾಲ್ಲೂಕಿನಲ್ಲಿದ್ದ ಪೆಟ್ಟಿಗೆ ಬೆಳಿಗ್ಗೆ ಇತ್ತಂತೆ, ಹತ್ತು ಗಂಟೆಗೆ ಬೇರೆ ಊರಿಗೆ ಹೋಗಿತ್ತು. ರಾಯಚೂರಿನಿಂದ ತರಿಸಬೇಕೆಂದರೆ ಗಾಡಿ ಹುಡುಕಿ, ಏರಿಸಿ, ಊರಿಗೆ ಬರುವಷ್ಟರಲ್ಲಿ ಸಂಜೆ. ಬಂದರೂ ರಾತ್ರಿಯೆಲ್ಲ ಕರೆಂಟ್ ಇರಬೇಕು. ಮೇ ತಿಂಗಳ ರಾಯಚೂರು ಜಿಲ್ಲೆಯ ಬಿಸಿಲು ಹೇಗಿರುತ್ತದೆ ಎಂದು ಇದನ್ನು ಓದುವವರಿಗೆ ಹೇಳಬೇಕಾಗಿಲ್ಲ. ನಾಲ್ಕಕ್ಕೆ ಹಿರಿಯರು ಬೇವಿನ ಗಿಡದ ಕೆಳಗೆ ಕೂಡಿದರು. ಯಾರೂ ಹೆಚ್ಚು ಮಾತಾಡಲಿಲ್ಲ. ಫೋನಿನಲ್ಲಿ ಅಣ್ಣನೇ ಹೇಳಿದ: “ನನ್ನ ಸಲುವಾಗಿ ಅಪ್ಪನ್ನ ಇಟ್ಕೊಂಡು ಕುಂದರಬ್ಯಾಡ್ರಿ. ಮಣ್ಣು ಮಾಡ್ರಿ.”

ದುಬೈಯಲ್ಲಿ ವಾಟ್ಸಾಪ್ ವಿಡಿಯೊ ಕಾಲ್ ನಡೆಯುವುದಿಲ್ಲ. ಅಲ್ಲಿರುವ ನಮ್ಮವರು ಬೋಟಿಮ್ ಎನ್ನುವ ಆ್ಯಪ್ ಹಾಕಿಕೊಂಡಿರುತ್ತಾರೆ, ಊರಲ್ಲಿರುವವರಿಗೂ ಹಾಕಿಸಿರುತ್ತಾರೆ. ಅದರಲ್ಲೇ ಅಣ್ಣ ನೋಡುತ್ತಿದ್ದ. ನಮ್ಮಲ್ಲಿ ಒಬ್ಬರು ಫೋನ್ ಎತ್ತಿ ಹಿಡಿದು ಗುಂಪಿನ ಜೊತೆ ನಡೆದೆವು. ಊರು ದಾಟಿ ಹಳ್ಳದ ಆಚೆ ಹೋದ ಮೇಲೆ ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿಯಿತು. ಕುಣಿಯ ಹತ್ತಿರ ಬರುವಷ್ಟರಲ್ಲಿ ಪರದೆ ನಿಂತುಹೋಯಿತು. ಅಪ್ಪನ ಮುಖಕ್ಕಿಂತ ಹೆಚ್ಚಾಗಿ ಅವನು ನೋಡಿದ್ದು ಮುಂದೆ ನಡೆಯುತ್ತಿದ್ದವರ ಬೆನ್ನು.

ಮರುದಿನ 10 ಗಂಟೆ 40 ನಿಮಿಷಕ್ಕೆ ಅಣ್ಣ ಊರು ಮುಟ್ಟಿದ. ಮನೆಗೆ ಬರಲಿಲ್ಲ, ಗಾಡಿಯನ್ನು ನೇರ ಹಳ್ಳದ ಆಚೆಗೇ ಬಿಡಿಸಿದ.

ನಮಗೆ ಯಾರೂ ಬೈಯಲಿಲ್ಲ. ಕಾಕಾ ಮಾತ್ರ ಮೂರನೆಯ ದಿನ ಚಹಾ ಕುಡಿಯುತ್ತಾ, “ಮುಂಜಾನೇನ ನಾಳೆ ಬರ್ತಾನ ಅಂದಿದ್ರ ಪೆಟ್ಟಿಗಿ ತರಿಸ್ತಿದ್ದಿವಿ” ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದರು ಅಷ್ಟೇ. ಅದಕ್ಕೇ ಅದು ಇನ್ನೂ ಚುಚ್ಚುತ್ತದೆ.

ಅಣ್ಣನ ಹತ್ತಿರ ಕೂತು ನಾವು ಕೇಳಿದೆವು: ಎಲ್ಲಿ ಎಷ್ಟು ಹೊತ್ತು ಹೋಯಿತು, ಹೇಳು. ಅವನಿಗೂ ಮಾತಾಡಬೇಕಿತ್ತು ಅನಿಸುತ್ತದೆ. ನಮ್ಮ ಟೈಮಿನ ಪ್ರಕಾರ ಬೆಳಗಿನ ಆರಕ್ಕೆ ಅವನು ನಮ್ಮ ಫೋನ್ ನೋಡಿದ್ದು. ಅಲ್ಲಿ ಆಗ ನಾಲ್ಕೂವರೆ, ಕೆಲಸದ ಬಸ್ಸಿಗೆ ಏಳುವ ಹೊತ್ತು. ಫೋರ್‌ಮನ್‌ಗೆ ಹೇಳಿದ. ಪಾಸ್‌ಪೋರ್ಟ್ ಇದ್ದದ್ದು ಆಫೀಸಿನಲ್ಲಿ, ಆಫೀಸ್ ತೆರೆಯುವುದು ಎಂಟಕ್ಕೆ. ರಜೆಯ ಕಾಗದ, ಸಹಿ, ಪಾಸ್‌ಪೋರ್ಟ್ ಎಲ್ಲಾ ಆಗುವಷ್ಟರಲ್ಲಿ ಅಲ್ಲಿಯ ಹನ್ನೊಂದೂವರೆ. ಅಂದರೆ ಒಂದು ಹೆಜ್ಜೆ ಮುಂದಿಡುವ ಮೊದಲೇ ಏಳು ತಾಸು ಹೋಯಿತು. ಆಮೇಲೆ ಸೀಟು ಇರುವ ವಿಮಾನಕ್ಕೆ ಕಾಯಬೇಕಾಯಿತು. ಮೂರು ತಾಸು ಮೊದಲೇ ವಿಮಾನ ನಿಲ್ದಾಣದಲ್ಲಿ ಇರಬೇಕು, ಅದಕ್ಕೂ ಮೊದಲು ಕ್ಯಾಂಪಿನಿಂದ ಅಲ್ಲಿಗೆ ಒಂದು ತಾಸು. ವಿಮಾನದಲ್ಲಿ ಕೂತದ್ದು ಮೂರೂವರೆ ತಾಸು. ಬೆಳಗಿನ ಮೂರಕ್ಕೆ ಹೈದರಾಬಾದಿನ ಶಂಶಾಬಾದಿನಲ್ಲಿ ಇಳಿದು, ಪಾಸ್‌ಪೋರ್ಟ್ ತೋರಿಸಿ ಹೊರಗೆ ಬಂದಾಗ ನಾಲ್ಕು ದಾಟಿತ್ತು. ನಾವು ಕಳಿಸಿದ್ದ ಕಾರು ನಾಲ್ಕೂವರೆಗೆ ಅಲ್ಲಿಂದ ಹೊರಟು ರಾಯಚೂರು ಮುಟ್ಟಿದ್ದು ಎಂಟೂ ಮುಕ್ಕಾಲಿಗೆ, ಊರು ಮುಟ್ಟಿದ್ದು ಹತ್ತು ನಲವತ್ತಕ್ಕೆ.

ಫೋನ್ ನೋಡಿದ ಹೊತ್ತಿನಿಂದ ಒಟ್ಟು 28 ತಾಸು 40 ನಿಮಿಷ. ಅದರಲ್ಲಿ ಆಕಾಶದ್ದು ಮೂರೂವರೆ. ಉಳಿದ ಇಪ್ಪತ್ತೈದು ತಾಸೂ ನೆಲದ ಮೇಲಿನದು.

ನಾವು ಫೋನಿನಲ್ಲಿ ನೋಡಿ ಹೇಳಿದ ಅಂಕಿ ಸುಳ್ಳಲ್ಲ. ಅದು ಬೇರೆ ಪ್ರಶ್ನೆಯ ಉತ್ತರ. ವಿಮಾನದಾರಿಯ ದೂರ ಎಂದು ಫೋನ್ ತೋರಿಸುವುದು ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಭೂಮಿಯ ಮೇಲೆ ದಾರ ಎಳೆದು ಅಳೆದ ದೂರ. ಕಾಕಾ ಕೇಳಿದ್ದು ಒಂದು ಕ್ಯಾಂಪಿನ ಮಂಚದಿಂದ ಒಂದು ಊರಿನ ಕಟ್ಟೆಯವರೆಗಿನ ಹೊತ್ತು.

ಆ ದಾರದ ಅಳತೆಯಲ್ಲೂ ಒಂದು ಮೋಜು ಇದೆ. ಶಾಲೆಯ ಗೋಡೆಯ ನಕಾಶೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಹತ್ತಿರದ ದಾರಿ ಅಲ್ಲ, ಯಾಕೆಂದರೆ ಭೂಮಿ ಗುಂಡಗಿದೆ. ಒಂದು ಕುಂಬಳಕಾಯಿ ತೆಗೆದುಕೊಂಡು ಎರಡು ಕಡೆ ಗುರುತು ಮಾಡಿ ದಾರವನ್ನು ಬಿಗಿಯಾಗಿ ಎಳೆದು ನೋಡಿ, ದಾರ ಎಲ್ಲಿ ಹಾಯುತ್ತದೋ ಅದೇ ಹತ್ತಿರದ ದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದ ವಿಮಾನ ಶುರು ಮಾಡಿದಾಗ ಮೊದಲ ವಿಮಾನ ನಡೆಸಿದವರೆಲ್ಲರೂ ಮಹಿಳಾ ಪೈಲಟ್‌ಗಳು, ಮುಂದಾಳು ಜೋಯಾ ಅಗರ್‌ವಾಲ್. ಅವರು ಬಂದದ್ದು ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಉತ್ತರ ಧ್ರುವದ ಮೇಲಿಂದ. ಸುಮಾರು 14,000 ಕಿಲೋಮೀಟರ್, ಹದಿನೇಳು ತಾಸಿನ ಆಸುಪಾಸು. ಅಮೆರಿಕ ಪಶ್ಚಿಮಕ್ಕಿದೆ ಎಂದು ಓದಿದವರಿಗೆ ಇದು ವಿಚಿತ್ರ ಅನಿಸುತ್ತದೆ. ಕುಂಬಳಕಾಯಿಗೆ ಅನಿಸುವುದಿಲ್ಲ.

ದೂರ ಒಂದೇ ಇದ್ದರೂ ಹೊತ್ತು ಒಂದೇ ಇರುವುದಿಲ್ಲ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿ ಜೋರಾಗಿ ಬೀಸುತ್ತದೆ, ಚಳಿಗಾಲದಲ್ಲಂತೂ ಇನ್ನೂ ಜೋರು. ದುಬೈಯಿಂದ ಬರುವವರಿಗೆ ಗಾಳಿ ಬೆನ್ನಿಗೆ, ಹೋಗುವವರಿಗೆ ಎದುರು. ಅದಕ್ಕೇ ಹೋಗುವಾಗ ನಾಲ್ಕು ತಾಸು, ಬರುವಾಗ ಮೂರೂವರೆ. ಹೊಳೆಯಲ್ಲಿ ತೆಪ್ಪ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದರ ಮೇಲೆ ದೇಶ ದೇಶಗಳ ಜಗಳ ಬೇರೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದ ಮೇಲೆ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ದೇಶದ ವಿಮಾನಗಳು ಸುತ್ತು ಹಾಕಿ ಹೋಗಬೇಕಾಯಿತು.

ಟಿಕೆಟ್ ಓದುವಾಗ ನಮ್ಮ ಮನೆಗಳಲ್ಲಿ ಆಗುವ ತಪ್ಪು ಇನ್ನೊಂದು. ಅಣ್ಣನ ಟಿಕೆಟ್‌ನಲ್ಲಿ ಹೊರಡುವುದು ರಾತ್ರಿ 10, ಮುಟ್ಟುವುದು ಬೆಳಗಿನ 3 ಎಂದಿತ್ತು. ನೋಡಿದವರೆಲ್ಲ ಐದು ತಾಸು ಎಂದರು. ಹೊರಡುವ ಸಮಯ ಹೊರಡುವ ಊರಿನದು, ಮುಟ್ಟುವ ಸಮಯ ಮುಟ್ಟುವ ಊರಿನದು. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ ಇರುವುದರಿಂದ ಬರುವಾಗ ಪ್ರಯಾಣ ಉದ್ದ ಕಾಣುತ್ತದೆ, ಹೋಗುವಾಗ ಗಿಡ್ಡ ಕಾಣುತ್ತದೆ. ಬೆಳಗಿನ 4ಕ್ಕೆ ಹೈದರಾಬಾದ್ ಬಿಟ್ಟು 6.30ಕ್ಕೆ ದುಬೈ ಎಂದು ಬರೆದಿದ್ದರೆ ಅದು ಎರಡೂವರೆ ತಾಸಲ್ಲ, ನಾಲ್ಕು ತಾಸು. ಸೌದಿಯ ಜೆದ್ದಾ, ರಿಯಾದ್ ನಮಗಿಂತ ಎರಡೂವರೆ ತಾಸು ಹಿಂದೆ. ಉಮ್ರಾಕ್ಕೆ ಹೈದರಾಬಾದಿನಿಂದ ಜೆದ್ದಾಕ್ಕೆ ಹೋಗುವ ಮಾನ್ವಿಯ ಹಿರಿಯರು ಹಾರುವುದು 4,100 ಕಿಲೋಮೀಟರ್‌ಗಿಂತ ಹೆಚ್ಚು, ಹತ್ತಿರ ಹತ್ತಿರ ಆರು ತಾಸು. ಟಿಕೆಟ್ ನೋಡಿದರೆ ಮೂರೂವರೆಯಲ್ಲಿ ಮುಟ್ಟಿದ ಹಾಗೆ ಕಾಣುತ್ತದೆ. ಮನೆಯವರು ಫೋನ್ ಮಾಡುತ್ತಾರೆ, ಸ್ವಿಚ್ ಆಫ್ ಬರುತ್ತದೆ, ಗಾಬರಿ.

ಇನ್ನೂ ಒಂದು ಮಾತು. ಟಿಕೆಟ್ ಮೇಲಿನ ಹೊರಡುವ ಹೊತ್ತು ವಿಮಾನ ನೆಲ ಬಿಡುವ ಹೊತ್ತಲ್ಲ, ನಿಂತ ಜಾಗದಿಂದ ಕದಲುವ ಹೊತ್ತು. ಅಲ್ಲಿಂದ ಓಡುದಾರಿಗೆ ಹೋಗಿ, ಸರದಿ ಕಾಯ್ದು, ಏರಿ, ಮತ್ತೆ ಇಳಿದು, ನಿಲ್ಲುವ ಜಾಗಕ್ಕೆ ಬರುವುದೆಲ್ಲ ಸೇರಿ ಒಟ್ಟು ಹೊತ್ತು. ಹತ್ತಿರದ ಊರುಗಳಿಗೆ ಈ ಏರುವ ಇಳಿಯುವ ಕೆಲಸವೇ ದೊಡ್ಡದು. ಬೆಂಗಳೂರು–ಹೈದರಾಬಾದ್ ಆಕಾಶದಲ್ಲಿ 455 ಕಿಲೋಮೀಟರ್. ತಾಸಿಗೆ 800 ಕಿಲೋಮೀಟರ್ ಹೋಗುವ ವಿಮಾನಕ್ಕೆ ಅರ್ಧ ತಾಸು ಸಾಕಲ್ಲ ಎನ್ನಬಹುದು. ಟಿಕೆಟ್ ಮೇಲೆ ಒಂದು ತಾಸು ಹತ್ತು ನಿಮಿಷವೋ ಕಾಲು ತಾಸು ಹೆಚ್ಚಿಗೆಯೋ ಇರುತ್ತದೆ.

ಈ ಬೆಂಗಳೂರು–ಹೈದರಾಬಾದ್ ವಿಮಾನವನ್ನು ನಾವೇ ಒಮ್ಮೆ ಹತ್ತಿದ್ದೇವೆ. ಸ್ವಂತ ದುಡ್ಡಲ್ಲ, ಒಂದು ಕೆಲಸಕ್ಕೆ ಕರೆದವರು ಕೊಡಿಸಿದ್ದು. ರಾಯಚೂರಿಗೆ ಬೇಗ ಮುಟ್ಟಲಿ ಎಂದು ಅವರ ಆಸೆ. ಬೆಂಗಳೂರಿನ ಒಳಗಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಒಂದೂವರೆ ತಾಸು, ಅಲ್ಲಿ ಕಾಯ್ದದ್ದು ಎರಡು ತಾಸು, ವಿಮಾನ ಒಂದೂಕಾಲು, ಹೊರಗೆ ಬರಲು ಅರ್ಧ, ಅಲ್ಲಿಂದ ರಾಯಚೂರಿಗೆ ಇನ್ನೂರರ ಆಸುಪಾಸು ಕಿಲೋಮೀಟರ್ ಗಾಡಿ, ನಾಲ್ಕೂವರೆ ತಾಸು. ಕೂಡಿಸಿದರೆ ಒಂಬತ್ತು ಮುಕ್ಕಾಲು. ಅದೇ ಬೆಂಗಳೂರಿನಿಂದ ನೇರ ಕಾರಿನಲ್ಲಿ ಬಂದಿದ್ದರೆ ಎಂಟು ತಾಸಿನ ದಾರಿ. ಕೋಣೆಗೆ ಬಂದು ಮಲಗುವಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಕಿಟಕಿಯಿಂದ ತೆಗೆದ ಮೋಡದ ಫೋಟೊ ಸ್ಟೇಟಸ್‌ಗೆ ಹಾಕಿದ್ದು ನಿಜ.

ನಮ್ಮ ಸುತ್ತ ವಿಮಾನ ನಿಲ್ದಾಣ ಇಲ್ಲವೆಂದಲ್ಲ. ಶಂಶಾಬಾದಿನದು 2008ರ ಮಾರ್ಚ್‌ನಲ್ಲಿ, ದೇವನಹಳ್ಳಿಯದು ಅದೇ ವರ್ಷದ ಮೇನಲ್ಲಿ ಶುರುವಾದವು. ಕಲಬುರಗಿಯದು 2019ರ ನವೆಂಬರ್‌ನಲ್ಲಿ ಉದ್ಘಾಟನೆ ಆಯಿತು. ನಕಾಶೆಯಲ್ಲಿ ದಾರ ಎಳೆದರೆ ದೇವದುರ್ಗದಿಂದ ಕಲಬುರಗಿ ನೂರು ಕಿಲೋಮೀಟರ್ ಆಗುತ್ತದೆ, ಶಂಶಾಬಾದ್ ನೂರಾ ಎಂಬತ್ತು ದಾಟುತ್ತದೆ. ಹತ್ತಿರ ಇರುವುದು ಕಲಬುರಗಿಯೇ. ಆದರೆ ದುಬೈಯಿಂದ ಬರುವವನಿಗೆ ಬೇಕಾದದ್ದು ದುಬೈಯಿಂದ ವಿಮಾನ ಇಳಿಯುವ ಜಾಗ, ಹತ್ತಿರ ಇರುವ ಜಾಗವಲ್ಲ. ಹೀಗಾಗಿ ನಮ್ಮವರೆಲ್ಲ ಹೈದರಾಬಾದಿಗೇ ಹೋಗುತ್ತಾರೆ. ರಾಯಚೂರು, ಮಕ್ತಲ್, ಮಹಬೂಬ್‌ನಗರ, ಜಡ್‌ಚರ್ಲಾ, ಶಾದ್‌ನಗರ, ಆಮೇಲೆ ಶಂಶಾಬಾದ್. ಗಲ್ಫಿಗೆ ಮಕ್ಕಳನ್ನು ಕಳಿಸಿದ ತಾಯಂದಿರಿಗೆ ಈ ಹೆಸರುಗಳು ಬಾಯಿಪಾಠ. ಬರುವಾಗ ದೇವಸೂಗೂರಿನ ಹತ್ತಿರ ಕೃಷ್ಣೆ ದಾಟುವಾಗ ಶಕ್ತಿನಗರದ ಕರೆಂಟ್ ಕಾರ್ಖಾನೆಯ ಚಿಮಣಿಗಳು ಕಾಣುತ್ತವೆ. ಅಲ್ಲಿಂದ “ಹೊಳಿ ದಾಟಿದೆ” ಎಂದು ಫೋನ್ ಬರುತ್ತದೆ. ಅಣ್ಣ ಅಂದು ಅಲ್ಲಿಂದ ಫೋನ್ ಮಾಡಲಿಲ್ಲ. ಯಾರಿಗೆ ಮಾಡಲಿ ಅಂದುಕೊಂಡೆ ಎಂದ. ಹೊಳೆ ದಾಟಿದ ಫೋನ್ ಯಾವಾಗಲೂ ಎತ್ತುತ್ತಿದ್ದದ್ದು ದೊಡ್ಡಪ್ಪ.

ರಾಯಚೂರಿಗೂ ವಿಮಾನ ಬರುತ್ತದೆ ಎಂಬ ಮಾತು ಹಳೆಯದು. ಹೈದರಾಬಾದ್ ರಸ್ತೆಯ ಯರಮರಸ್ ಹತ್ತಿರ ಜಾಗವೂ ಗೊತ್ತಾಗಿದೆ. ಬರಲಿ, ನಮಗೂ ಖುಷಿಯೇ. ಆದರೆ ಬಂದರೆ ಏನು ಬದಲಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿದೆವು. ಇಂಥ ನಿಲ್ದಾಣಗಳಿಗೆ ಮೊದಲು ಬರುವುದು ಎಪ್ಪತ್ತರ ಆಸುಪಾಸು ಸೀಟಿನ, ರೆಕ್ಕೆಗೆ ಪಂಖ ಇರುವ ಸಣ್ಣ ವಿಮಾನಗಳು. ರಾಯಚೂರು–ಬೆಂಗಳೂರು ದಾರ ಎಳೆದರೆ 360 ಕಿಲೋಮೀಟರ್, ತಾಸು ತಾಸೂಕಾಲಿನ ಹಾರಾಟ. ಆಫೀಸರ್‌ಗಳಿಗೆ, ವ್ಯಾಪಾರಸ್ಥರಿಗೆ, ತುರ್ತು ಚಿಕಿತ್ಸೆಗೆ ಹೋಗುವವರಿಗೆ ಅದು ದೊಡ್ಡ ಅನುಕೂಲ. ದುಬೈಯ ಅಣ್ಣನಿಗೆ? ಅವನು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇಳಿದು ಮುಂದಿನ ಸಣ್ಣ ವಿಮಾನಕ್ಕೆ ಕಾಯಬೇಕು. ಬೆಳಗಿನ ಮೂರಕ್ಕೆ ಇಳಿದವನು ಕಾರು ಹತ್ತಿದರೆ ಎಂಟೂ ಮುಕ್ಕಾಲಿಗೆ ರಾಯಚೂರು. ವಿಮಾನಕ್ಕೆ ಕಾಯ್ದರೆ ಅಷ್ಟರಲ್ಲಿ ಮುಟ್ಟುತ್ತಾನೋ ಇಲ್ಲವೋ. ಅವನ ಇಪ್ಪತ್ತೈದು ತಾಸಿನಲ್ಲಿ ಏಳು ತಾಸು ತಿಂದದ್ದು ಕಾಗದ. ರಾಯಚೂರಿನಿಂದ ಊರಿಗೆ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ ದಾರಿ ತಿಂದದ್ದು ಎರಡು ತಾಸಿಗೆ ಐದು ನಿಮಿಷ ಕಡಿಮೆ. ಗಬ್ಬೂರಿನ ಆ ಕಡೆ ಈ ಕಡೆ ರಸ್ತೆ ಚೆನ್ನಾಗಿದ್ದರೆ ಉಳಿಯುವ ಹೊತ್ತು ಯಾವ ವಿಮಾನಕ್ಕೂ ಕಡಿಮೆ ಅಲ್ಲ ಎಂದು ನಮ್ಮ ಅಭಿಪ್ರಾಯ. ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ.

ರೈಲಿನ ವಿಷಯದಲ್ಲಿ ಸ್ವಲ್ಪ ಒಳ್ಳೆಯದಾಗಿದೆ. 1997–98ರಲ್ಲಿ ಮಂಜೂರಾದ ಮುನಿರಾಬಾದ್–ಮಹಬೂಬ್‌ನಗರ ಮಾರ್ಗದ ಆ ತುದಿ, ದೇವರಕದ್ರಾದಿಂದ ಕೃಷ್ಣಾ ನಿಲ್ದಾಣದವರೆಗಿನದು, 2023ರಲ್ಲಿ ಮುಗಿದು ರಾಯಚೂರಿನಿಂದ ಮಹಬೂಬ್‌ನಗರದ ಮೇಲೆ ಹೈದರಾಬಾದಿಗೆ ದಾರಿ ಆಯಿತು. ಈ ತುದಿಯಲ್ಲಿ 2024ರಲ್ಲಿ ಸಿಂಧನೂರಿಗೆ ರೈಲು ಬಂತು. ಮಾನ್ವಿಯ ಸರದಿ ಅದರ ಮುಂದೆ. ಮಂಜೂರಾದಾಗ ಹುಟ್ಟಿದ ಕೂಸು ಈಗ ನಮ್ಮ ಜೊತೆ ಇದೇ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದೆ.

ಮಾನ್ವಿಯವರ ಕಥೆ ದುಬೈಯದಲ್ಲ, ಬೆಂಗಳೂರಿನದು. ಅದನ್ನೂ ಹೇಳಬೇಕು. ನಮ್ಮ ಮಾನ್ವಿಯ ಗೆಳೆಯನ ಮಾವ, ಅಕ್ಕನ ಗಂಡ, ಬೆಂಗಳೂರಿನ ಯಲಹಂಕದ ಕಡೆ ಗಾರೆ ಕೆಲಸ ಮಾಡುತ್ತಾನೆ. ತಗಡಿನ ಶೆಡ್ಡು, ಅದರ ಅಕ್ಕಪಕ್ಕ ರಾಯಚೂರು, ಯಾದಗಿರಿ, ಕಲಬುರಗಿಯವರೇ. ಅಲ್ಲಿ ನಿಂತರೆ ದೇವನಹಳ್ಳಿಗೆ ಇಳಿಯುವ ವಿಮಾನಗಳು ತಲೆಯ ಮೇಲೇ ಹೋಗುತ್ತವೆ. ಅವನ ಮಗ ಅವುಗಳ ಬಾಲದ ಬಣ್ಣ ನೋಡಿ ಯಾವ ಕಂಪನಿಯದು ಎಂದು ಹೇಳುತ್ತಾನೆ.

ಚಳಿಗಾಲದಲ್ಲಿ ಒಂದು ದಿನ ಅವನ ತಾಯಿ ಹೊಲದಲ್ಲಿ ಬಿದ್ದರು. ಫೋನ್ ಹೋದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಅವನು ಆ ವಾರದ ಬಟವಾಡೆ ಕೇಳಿ ಪಡೆಯಬೇಕು, ಹೆಂಡತಿ ಮಕ್ಕಳನ್ನು ಶೆಡ್ಡಿನಲ್ಲಿ ಬಿಡಬೇಕೋ ಕರೆದುಕೊಂಡು ಹೊರಡಬೇಕೋ ನೋಡಬೇಕು, ಸಂಜೆಯವರೆಗೆ ರೈಲಿಗೆ ಕಾಯಬೇಕು. ರಾತ್ರಿಯ ರೈಲಿನಲ್ಲಿ ಜನರಲ್ ಬೋಗಿ, ಗುಂತಕಲ್ ದಾಟಿ ಬೆಳಗಿನ ಜಾವ ರಾಯಚೂರು. ಬಸ್ ಸ್ಟ್ಯಾಂಡಿಗೆ ಆಟೊ, ಮೊದಲ ಬಸ್ಸು, ಕಲ್ಮಲಾ, ಕಲ್ಲೂರು ದಾಟಿ ಮಾನ್ವಿ, ಅಲ್ಲಿಂದ ಟಂಟಂ. ಊರು ಮುಟ್ಟಿದಾಗ ಮರುದಿನ ಎಂಟೂವರೆ. ಇಪ್ಪತ್ತೊಂದೂವರೆ ತಾಸು! ತಾಯಿ ಬದುಕಿದರು, ಕಾಲು ಮುರಿದಿತ್ತು ಅಷ್ಟೇ. ಈಗ ಕೋಲು ಹಿಡಿದು ಓಡಾಡುತ್ತಾರೆ. ಆದರೆ ಅವನು ಆ ರಾತ್ರಿ ರೈಲಿನ ಬಾಗಿಲಲ್ಲಿ ಕೂತು ಬಂದದ್ದನ್ನು ಹೇಳುವಾಗ ಗೆಳೆಯನ ಅಕ್ಕ ಇನ್ನೂ ಸೆರಗು ಕಣ್ಣಿಗೆ ಹಚ್ಚುತ್ತಾಳೆ.

ಈಗ ಎರಡನ್ನೂ ಪಕ್ಕ ಇಟ್ಟು ನೋಡಿ. ಒಬ್ಬನಿಗೆ ನಡುವೆ ಸಮುದ್ರ ಇದೆ, 2,550 ಕಿಲೋಮೀಟರ್. ಇನ್ನೊಬ್ಬನಿಗೆ ಅದೇ ರಾಜ್ಯ, ಅದೇ ಭಾಷೆ, 360 ಕಿಲೋಮೀಟರ್. ಮನೆ ಮುಟ್ಟಲು ಒಬ್ಬನಿಗೆ 28 ತಾಸು, ಇನ್ನೊಬ್ಬನಿಗೆ 21. ಏಳು ಪಟ್ಟು ದೂರಕ್ಕೆ ಹೆಚ್ಚಾದದ್ದು ಏಳೇ ತಾಸು. ಕೈಯಲ್ಲಿ ದುಡ್ಡು, ಕಾಗದ, ರಜೆ ಎಲ್ಲಾ ಸಿದ್ಧವಿರುವ ಸಾಹೇಬರಿಗೆ ಇದೇ ದೂರ ಬೇರೆ. ಬೆಳಿಗ್ಗೆ ಬೆಂಗಳೂರಿನಲ್ಲಿ ವಿಮಾನ ಹತ್ತಿ ಎರಡು ಮುಕ್ಕಾಲು ತಾಸಿನಲ್ಲಿ ದೆಹಲಿಯಲ್ಲಿ ಇಳಿದು, ಮಾತಾಡಿ, ರಾತ್ರಿ ಊಟಕ್ಕೆ ಮನೆಗೆ ಬರುತ್ತಾರೆ. 1,700 ಕಿಲೋಮೀಟರ್ ಹೋಗುವುದು, ಅಷ್ಟೇ ಬರುವುದು. ನಮ್ಮವರಿಗೆ ಮೊದಲ ಏಳು ತಾಸು ಹೊರಡುವುದಕ್ಕೇ ಬೇಕು.

ಅಂದಿನಿಂದ ನಮ್ಮನ್ನು ಯಾರಾದರೂ “ಎಷ್ಟು ತಾಸು” ಎಂದು ಕೇಳಿದರೆ ಫೋನ್ ತೆಗೆಯುವ ಮೊದಲು ನಾವೇ ಕೇಳುತ್ತೇವೆ. ಪಾಸ್‌ಪೋರ್ಟ್ ಯಾರ ಹತ್ತಿರ ಇದೆ? ಇವತ್ತು ಅಲ್ಲಿ ರಜೆಯ ದಿನವೇ, ಆಫೀಸ್ ತೆರೆದಿರುತ್ತದೆಯೇ? ಸೀಟು ಯಾವ ವಿಮಾನದಲ್ಲಿ ಸಿಕ್ಕಿದೆ, ಟಿಕೆಟ್ ಕೈಗೆ ಬಂತೇ? ಇಳಿಯುವ ಊರಿನಿಂದ ಗಾಡಿ ಇದೆಯೇ, ಇಲ್ಲ ಬಸ್ಸಿಗೆ ಕಾಯಬೇಕೇ? ಟಿಕೆಟ್ ಕೈಗೆ ಬರುವವರೆಗೆ ಯಾವ ಹೊತ್ತನ್ನೂ ಹೇಳುವುದಿಲ್ಲ. ಗಲ್ಫಿನಿಂದ ಎಂದರೆ “ಇವತ್ತು ಅಲ್ಲ, ನಾಳೆ” ಎಂದೇ ಮೊದಲು ಹೇಳುತ್ತೇವೆ. ಸಾವಿನ ಮನೆಯಾದರೆ ಪೆಟ್ಟಿಗೆ ಮೊದಲು ಹೇಳಿಬಿಡಿ, ಬೇಡವಾದರೆ ವಾಪಸ್ ಕಳಿಸಿದರಾಯಿತು. ಬಾಡಿಗೆ ಹೋಗುತ್ತದೆ, ಹೋಗಲಿ. ಇದು ನಮಗೆ ತಡವಾಗಿ ತಿಳಿದ ಮಾತು. ನಿಮ್ಮ ಊರಲ್ಲಿ ಫೋನ್ ಹಿಡಿದು ನಿಲ್ಲುವ ಹುಡುಗ ಹುಡುಗಿಯರಿಗೆ ಇದನ್ನು ತೋರಿಸಿ.

ಅಣ್ಣನನ್ನು ನಾವು ಒಂದು ಸಲ ಕೇಳಿದೆವು: ಸಂಜೆ ಬರುತ್ತೀ ಎಂದು ನಾವು ಹೇಳಿಬಿಟ್ಟಿದ್ದು ನಿನಗೆ ಗೊತ್ತೇ? ಗೊತ್ತು ಎಂದ. ಕಾಕಾ ಹೇಳಿರಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಹಂಗ ಅಂದ್ಕೊಂಡಿದ್ನೆಪಾ. ನಾಕ್ ತಾಸಿನ ದಾರಿ, ಸಂಜಿಗೆ ಮುಟ್ತೀನಿ ಅಂತ ಫೋರ್‌ಮನ್‌ಗೂ ಹೇಳಿದ್ದೆ” ಎಂದ. ಆರು ವರ್ಷ ಅಲ್ಲಿದ್ದವನು ಅವನು. ನಾಲ್ಕು ಸಲ ಹೋಗಿ ಬಂದಿದ್ದಾನೆ.

ದಿನದ ಕಾರ್ಯ ಮುಗಿದ ಮೇಲೆ ಅವನು ಮತ್ತೆ ಹೊರಟ. ಊರಿನಿಂದ ಮಧ್ಯಾಹ್ನ ಮೂರಕ್ಕೆ. ದೊಡ್ಡವ್ವ ಬುತ್ತಿ ಕಟ್ಟಿದ್ದಳು: ಕಟಗ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿಯಲ್ಲಿ ಪುಂಡಿಪಲ್ಯ. ಪಲ್ಯ ವಿಮಾನದಲ್ಲಿ ಬಿಡುವುದಿಲ್ಲ ಎಂದು ಅವನು, ಬಿಡದಿದ್ದರೆ ಹೈದರಾಬಾದಿನಲ್ಲೇ ಉಂಡುಬಿಡು ಎಂದು ಅವಳು. ಗಾಡಿ ಹತ್ತುವ ಮುಂದೆ ಅವಳು ಕೇಳಿದಳು: “ಎಷ್ಟಕ್ಕ ಮುಟ್ತಿ?”

ಅವನು ನಮ್ಮ ಮುಖ ನೋಡಿದ. ನಾವು ರಾಯಚೂರಿನ ರಾತ್ರಿ ಬಸ್ಸು, ಶಂಶಾಬಾದಿನ ಕಾಯುವಿಕೆ, ಬೆಳಗಿನ ವಿಮಾನ, ಆ ಕಡೆಯ ಸಾಲು, ಕ್ಯಾಂಪಿನ ಬಸ್ಸು ಎಲ್ಲವನ್ನೂ ಮನಸ್ಸಿನಲ್ಲೇ ಕೂಡಿಸಿ ಹೇಳಿದೆವು: “ನಾಳೆ ನಮ್ಮ ಊಟದ ಹೊತ್ತಿಗೆ, ದೊಡ್ಡವ್ವ.”

ಮರುದಿನ 11 ಗಂಟೆ 40 ನಿಮಿಷಕ್ಕೆ ಬೋಟಿಮ್ ಬಡಿಯಿತು. ಕ್ಯಾಂಪಿನ ಮಂಚದ ಮೇಲೆ ಕೂತಿದ್ದ. “ಮುಟ್ಟೀನಿ ಯವ್ವಾ.”

ದೊಡ್ಡವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು, “ಇನ್ನಾ ಊಟದ ಹೊತ್ತಾಗಿಲ್ಲಲ್ಲೋ” ಎಂದಳು. “ಲಗೂನ ಮುಟ್ಟಿ.”